ಐಸಿಯು ದಾಟಿ ಬಂದವರನ್ನು ಏನು ಕೇಳಬೇಕು?

ಐಸಿಯುನಲ್ಲಿದ್ದು ಬದುಕಿ ಬಂದವರ ಮನೆಯಲ್ಲಿ ಮೊದಲ ವಾರವೆಲ್ಲ ಜನವೋ ಜನ. ನೆಂಟರು, ಅಕ್ಕಪಕ್ಕದವರು, ಜೊತೆಯಲ್ಲಿ ಕೆಲಸ ಮಾಡುವವರು ಬಂದು, ಎಳನೀರು ಹಣ್ಣು ಇಟ್ಟು, ಮಂಚದ ಪಕ್ಕ ಹತ್ತು ನಿಮಿಷ ಕೂತು ಹೋಗುತ್ತಾರೆ. ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ‘ಜೀವ ಉಳೀತಲ್ಲ, ಅಷ್ಟು ಸಾಕು. ಚೆನ್ನಾಗಿ ರೆಸ್ಟ್ ತಗೊಳ್ಳಿ, ಎರಡು ತಿಂಗಳಲ್ಲಿ ಮೊದಲಿನ ಥರಾನೇ ಆಗ್ತೀರಿ.’

ಪ್ರೀತಿಯಿಂದಲೇ ಬಂದ ಮಾತು. ಆದರೆ ಅದನ್ನು ನಂಬಿ ಮಲಗಿದವರ ಅನುಭವ ಬೇರೆ. ಒಂದು ತಿಂಗಳು ಕಳೆದರೂ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಎರಡು ತಿಂಗಳಾದರೂ ಅಂಗಿಯ ಗುಂಡಿ ಹಾಕಲು ಬೆರಳು ಮಾತು ಕೇಳುವುದಿಲ್ಲ. ನೋಡಲು ಬಂದವರು ಈಗ ‘ಇನ್ನೂ ಮಲಗೇ ಇದ್ದೀರಾ?’ ಎನ್ನತೊಡಗುತ್ತಾರೆ. ‘ಮೊದಲಿನ ಥರ’ ಎಂಬುದನ್ನೇ ಅಳತೆಗೋಲು ಮಾಡಿಕೊಂಡರೆ ಪ್ರತಿ ದಿನವೂ ಸೋತ ದಿನವೇ ಆಗುತ್ತದೆ. ನಿನ್ನೆಗಿಂತ ಇವತ್ತು ನಾಲ್ಕು ಹೆಜ್ಜೆ ಹೆಚ್ಚು ನಡೆದದ್ದು ಆ ಅಳತೆಯಲ್ಲಿ ಕಾಣುವುದೇ ಇಲ್ಲ.

ಇದಕ್ಕೆ ಬದಲಾಗಿ ಕಾಯಿಲೆ ಬಿದ್ದವರನ್ನೇ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಬೇಕು: ‘ನೀವೇ ಸ್ವಂತ ಮಾಡಬೇಕು ಅಂತ ಈಗ ಯಾವುದಕ್ಕೆ ತುಂಬ ಆಸೆಯಾಗ್ತಿದೆ?’ ಆ ಉತ್ತರವನ್ನೇ ಗುರಿಯಾಗಿಟ್ಟುಕೊಂಡು, ಅದನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಬರೆದಿಟ್ಟು ನಡೆಯಬೇಕು. ಕೇಳಲು ಸರಳ. ಆದರೆ ನಮ್ಮ ಮನೆಗಳಲ್ಲಿ ತೀರಾ ಅಪರೂಪಕ್ಕೆ ನಡೆಯುವ ಕೆಲಸ ಇದು. ಮಗ ಒಂದು ನಿರ್ಧಾರ ಮಾಡುತ್ತಾನೆ, ಅಳಿಯ ಇನ್ನೊಂದು, ಡಾಕ್ಟರು ಮತ್ತೊಂದು. ಯಾರಿಗಾಗಿ ಇಷ್ಟೆಲ್ಲ ನಡೆಯುತ್ತಿದೆಯೋ ಅವರ ಅಭಿಪ್ರಾಯವನ್ನು ಯಾರೂ ಕೇಳಿರುವುದಿಲ್ಲ.

ಗುರಿಯ ಮಾತಿಗೆ ಮೊದಲು ದೇಹಕ್ಕೆ ಏನಾಗಿದೆ ಎಂಬುದು ಮನೆಯವರಿಗೆ ತಿಳಿದಿರಬೇಕು. ಐಸಿಯು ಎಂಬ ಏರ್ಪಾಡಿಗೆ ಇರುವುದು ಸುಮಾರು ಎಪ್ಪತ್ತು ವರ್ಷದ ಇತಿಹಾಸ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ರೋಗಿಗಳ ಗಂಟಲಿಗೆ ಕೊಳವೆ ಹಾಕಿಸಿ, ವೈದ್ಯಕೀಯ ವಿದ್ಯಾರ್ಥಿಗಳ ಕೈಯಿಂದ ಹಗಲೂ ರಾತ್ರಿ ಚೀಲ ಒತ್ತಿಸಿ ಉಸಿರಾಡಿಸಿದ. ಅಲ್ಲಿಂದ ಬೆಳೆದು ಬಂದ ವಿದ್ಯೆ ಇವತ್ತು ಸಾವಿನ ದವಡೆಯಿಂದ ಲಕ್ಷಾಂತರ ಜನರನ್ನು ಎಳೆದು ತರುತ್ತಿದೆ. ಆದರೆ ಬದುಕಿ ಮನೆಗೆ ಹೋದವರ ಪಾಡೇನು ಎಂದು ವೈದ್ಯಲೋಕ ಕೇಳಿಕೊಳ್ಳಲು ಬಹಳ ತಡವಾಯಿತು. ಅಮೆರಿಕದ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ 2010ರಲ್ಲಿ ಕರೆದ ಒಂದು ಸಭೆಯಲ್ಲಿ ಈ ನಂತರದ ಪಾಡಿಗೆ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಎಂದು ಹೆಸರಿಡಲಾಯಿತು. ದೇಹದ ನಿತ್ರಾಣ, ನೆನಪು ಮತ್ತು ಯೋಚನೆಯ ಮಂಕು, ಮನಸ್ಸಿನ ಕಳವಳ ಮೂರೂ ಅದರಲ್ಲಿ ಸೇರಿವೆ. ಒಬ್ಬರಲ್ಲಿ ಒಂದೇ ಕಾಣಬಹುದು, ಮೂರೂ ಒಟ್ಟಿಗೆ ಬರಬಹುದು.

ನಿತ್ರಾಣಕ್ಕೆ ಕಾರಣ ಬರೀ ಮಲಗಿದ್ದು ಮಾತ್ರವಲ್ಲ. ಮೈಯೆಲ್ಲ ಉರಿಯೂತ ಹಬ್ಬಿದಾಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಬಳಸಿಕೊಳ್ಳುತ್ತದೆ. ಲಂಡನ್ನಿನ ಸಂಶೋಧಕರು ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಸ್ಕ್ಯಾನ್ ಮಾಡಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತೇ ದಿನದಲ್ಲಿ ಅದರ ಗಾತ್ರ ಸರಾಸರಿ 18 ಶೇಕಡದಷ್ಟು ಕುಗ್ಗಿತ್ತು. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು, ಪಾಯಿಖಾನೆಯಲ್ಲಿ ಕೂತು ಏಳಲು ಬೇಕಾಗುವುದು ಇದೇ ಸ್ನಾಯು. ಟೊರಾಂಟೊದ ಮಾರ್ಗರೆಟ್ ಹೆರಿಡ್ಜ್ ತಂಡ ಶ್ವಾಸಕೋಶ ಪೂರ್ತಿ ಕೆಟ್ಟು ಐಸಿಯು ಸೇರಿ ಬದುಕಿದ 109 ಜನರನ್ನು ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ವರದಿ ಮಾಡಿತು. ಐಸಿಯು ಬಿಡುವಾಗ ಅವರು ಸರಾಸರಿ 18 ಶೇಕಡ ತೂಕ ಕಳೆದುಕೊಂಡಿದ್ದರು. ವರ್ಷದ ಹೊತ್ತಿಗೆ ಶ್ವಾಸಕೋಶ ಬಹುಮಟ್ಟಿಗೆ ಸುಧಾರಿಸಿತ್ತು, ಹಿಂದೆ ಬಿದ್ದದ್ದು ಸ್ನಾಯು. ಕೆಲಸಕ್ಕೆ ಮರಳಿದ್ದವರು ಅರ್ಧದಷ್ಟು ಮಾತ್ರ. ಐದು ವರ್ಷದ ನಂತರ ಅದೇ ಜನರನ್ನು ನೋಡಿದಾಗಲೂ ಅವರ ನಡಿಗೆಯ ಶಕ್ತಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಕಡಿಮೆಯೇ ಇತ್ತು.

ಈ ಅಂಕಿಗಳನ್ನು ಹೆದರಿಸಲಿಕ್ಕೆ ಕೊಡುತ್ತಿಲ್ಲ. ಎರಡು ತಿಂಗಳಲ್ಲಿ ಮೊದಲಿನಂತಾಗದ ವ್ಯಕ್ತಿ ಸೋಮಾರಿ ಅಲ್ಲ, ಮನಸ್ಸು ಗಟ್ಟಿ ಮಾಡಿಕೊಳ್ಳದವರೂ ಅಲ್ಲ ಎಂದು ಮನೆಯವರಿಗೆ ಗೊತ್ತಾಗಲಿ ಎಂದು ಕೊಡುತ್ತಿದ್ದೇನೆ. ಕರಗಿದ ಸ್ನಾಯು ಮತ್ತೆ ಕಟ್ಟಿಕೊಳ್ಳುವುದು ಬಳಸಿದಾಗ ಮಾತ್ರ. ಹಾಗಾಗಿ ‘ರೆಸ್ಟ್ ತಗೊಳ್ಳಿ’ ಎಂಬ ಸಲಹೆ ಒಂದು ಹಂತದ ನಂತರ ಕೆಡುಕನ್ನೇ ಮಾಡುತ್ತದೆ.

ಗುರಿ ಕಟ್ಟುವುದು ಹೇಗೆಂದು ಒಂದು ಉದಾಹರಣೆ ಹಾಕಿಕೊಂಡು ನೋಡೋಣ. ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು, ವಯಸ್ಸು ಐವತ್ತೈದರ ಸುಮಾರು. ಮಳೆಗಾಲದಲ್ಲಿ ಇಲಿಜ್ವರ ತಗುಲಿ, ಮೂತ್ರಪಿಂಡ ಕೈಕೊಟ್ಟು, ಉಸಿರೂ ನಿಲ್ಲುವ ಹಂತಕ್ಕೆ ಹೋಗಿ, ವೆಂಟಿಲೇಟರ್ ಮೇಲಿದ್ದು ಮನೆಗೆ ಬಂದಿದ್ದಾರೆ ಎಂದುಕೊಳ್ಳಿ. ಏನು ಆಸೆ ಎಂದು ಕೇಳಿದರೆ ಅವರ ಉತ್ತರ ಸ್ಪಷ್ಟ: ‘ಡಿಸೆಂಬರಿನ ಕೊನೆಕೊಯ್ಲಿಗೆ ತೋಟಕ್ಕೆ ಇಳಿಯಬೇಕು.’ ಇದು ಒಳ್ಳೆಯ ಗುರಿ. ಅದಕ್ಕೊಂದು ಜಾಗವಿದೆ, ಕಾಲವಿದೆ, ಅದರ ಹಿಂದೆ ಅವರ ಇಡೀ ಬದುಕಿದೆ. ‘ದಿನಾ ಅರ್ಧ ಗಂಟೆ ವಾಕಿಂಗ್’ ಎಂದು ಬರೆದುಕೊಟ್ಟರೆ ಈ ಮನುಷ್ಯ ನಾಲ್ಕು ದಿನ ಮಾಡಿ ಬಿಟ್ಟಾರು. ತೋಟ ಎಂದರೆ ಏಳುತ್ತಾರೆ.

ಈಗ ಅದನ್ನು ಬಿಡಿಸಬೇಕು. ತೋಟ ಇರುವುದು ಮನೆಯಿಂದ ಕೆಳಗೆ. ಇಳಿಯಲು ತೊಡೆಗೆ ಹಿಡಿತ ಬೇಕು, ಹತ್ತಲು ಉಸಿರು ಬೇಕು. ಮೊದಲ ಹಂತ, ಕುರ್ಚಿಯಿಂದ ಕೈ ಊರದೆ ಏಳುವುದು. ಒಮ್ಮೆ ಆದರೆ ಸಾಕು, ಆಮೇಲೆ ಸತತ ಐದು ಸಲ. ಅದಾದ ಮೇಲೆ ಜಗಲಿಯ ಮೆಟ್ಟಿಲು, ಯಾರಾದರೂ ಪಕ್ಕದಲ್ಲಿ ನಿಂತಿರುವಾಗ. ಮುಂದೆ ಅಂಗಳಕ್ಕೆ ಒಂದು ಸುತ್ತು. ನಂತರ ಕೊಟ್ಟಿಗೆಯವರೆಗೆ, ದನಕ್ಕೆ ಒಂದು ಹಿಡಿ ಹುಲ್ಲು ಹಾಕಿ ಬರುವುದು. ಆಮೇಲೆ ತೋಟದ ದಾರಿಯಲ್ಲಿ ಅರ್ಧದವರೆಗೆ, ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿರಲಿ. ಒಂದು ವಿಷಯ ಮರೆಯಬಾರದು: ಇಳಿದರೆ ಲೆಕ್ಕಕ್ಕಿಲ್ಲ, ಹತ್ತಿ ಮನೆಗೆ ಬಂದರೆ ಮಾತ್ರ ಆ ಹಂತ ಮುಗಿದಂತೆ. ಹುಮ್ಮಸ್ಸಿನಲ್ಲಿ ಇಳಿದು, ಮೇಲೆ ಬರಲಾಗದೆ ಇಬ್ಬರು ಹೊತ್ತು ತಂದರೆ ಮಾರನೆಯ ದಿನ ಮನೆಯವರೇ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

ಅಮೆರಿಕದ ಥಾಮಸ್ ಕಿರೆಸುಕ್ ಮತ್ತು ರಾಬರ್ಟ್ ಶರ್ಮನ್ 1968ರಲ್ಲಿ ಮಾನಸಿಕ ಚಿಕಿತ್ಸೆಯ ಫಲ ಅಳೆಯಲು ಒಂದು ಸರಳ ವಿಧಾನ ಕಂಡುಕೊಂಡರು. ಈಗ ಪುನಶ್ಚೇತನ ಚಿಕಿತ್ಸೆಯಲ್ಲಿ ಹಲವೆಡೆ ಬಳಕೆಯಲ್ಲಿರುವ ಅದನ್ನು ಮನೆಯಲ್ಲೂ ನೋಟ್ ಬುಕ್ಕಿನಲ್ಲಿ ಮಾಡಿಕೊಳ್ಳಬಹುದು. ನ್ಯಾಯವಾಗಿ ನಿರೀಕ್ಷಿಸಬಹುದಾದ ಫಲಕ್ಕೆ ಸೊನ್ನೆ. ಅದಕ್ಕಿಂತ ಸ್ವಲ್ಪ ಮೇಲಾದರೆ ಒಂದು, ಬಹಳ ಮೇಲಾದರೆ ಎರಡು. ಕೆಳಗಾದರೆ ಹಾಗೆಯೇ ಋಣ ಒಂದು, ಋಣ ಎರಡು. ನಮ್ಮ ಬೆಳೆಗಾರರಿಗೆ ಇದನ್ನು ಹೊಂದಿಸಿದರೆ, ಡಿಸೆಂಬರಿನ ಹೊತ್ತಿಗೆ ಕೋಲು ಹಿಡಿದು ತೋಟಕ್ಕೆ ಇಳಿದು, ನಡುವೆ ಒಮ್ಮೆ ಕೂತು, ಮೇಲೆ ಬಂದರೆ ಸೊನ್ನೆ. ಕೋಲಿಲ್ಲದೆ ಹೋಗಿ ಬಂದರೆ ಒಂದು. ಬೆಳಗಿನ ಕೊಯ್ಲು ಮುಗಿಯುವವರೆಗೂ ತೋಟದಲ್ಲೇ ಇದ್ದು ಉಸ್ತುವಾರಿ ಮಾಡಿದರೆ ಎರಡು. ಅರ್ಧ ದಾರಿಯ ಕುರ್ಚಿಯವರೆಗೆ ಮಾತ್ರ ಆದರೆ ಋಣ ಒಂದು, ಈಗಿನಂತೆ ಜಗಲಿಯಲ್ಲೇ ಉಳಿದರೆ ಋಣ ಎರಡು. ಗೆದ್ದೆ ಅಥವಾ ಸೋತೆ ಎಂಬ ಎರಡೇ ಮನೆಗಳ ಲೆಕ್ಕ ಇಲ್ಲಿಲ್ಲ. ಕುರ್ಚಿಯವರೆಗೆ ನಡೆದವರು ಜಗಲಿಯಿಂದ ಎಷ್ಟು ದೂರ ಬಂದಿದ್ದಾರೆ ಎಂಬುದು ಬರವಣಿಗೆಯಲ್ಲೇ ಕಾಣುತ್ತದೆ. ನನಗೆ ಈ ವಿಧಾನ ಇಷ್ಟವಾಗುವುದು ಅದಕ್ಕೇ.

ಪ್ರತಿ ದಿನ ಒಂದೇ ವೇಗದಲ್ಲಿ ಏರಿಕೆ ಇರುವುದಿಲ್ಲ. ಒಂದು ದಿನ ಮೈ ಹಗುರ ಅನ್ನಿಸಿತೆಂದು ಇರುವ ಕೆಲಸವೆಲ್ಲ ಮಾಡಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ಬಹಳ ಮಂದಿಗೆ ಆಗುತ್ತದೆ. ಬೇಸಿಗೆಯ ಬಾವಿಯನ್ನು ಬೆಳಗ್ಗೆಯೇ ಬರಿದಾಗಿ ಸೇದಿದರೆ ಸಂಜೆಗೆ ಕೊಡ ತುಂಬುವುದಿಲ್ಲ, ಊಟೆ ತುಂಬಿಕೊಳ್ಳಲು ಬಿಟ್ಟು ಬಿಟ್ಟು ಸೇದಬೇಕು. ನಡೆಯುವಾಗ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ವೇಗ ಸರಿಯಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ನಿಲ್ಲಬೇಕು. ಸುಮ್ಮನೆ ಕೂತಿರುವಾಗಲೇ ಏದುಸಿರು, ಎದೆನೋವು, ಮತ್ತೆ ಜ್ವರ, ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಮಾತು ತಡವರಿಸುವುದು, ಇವು ಕಂಡರೆ ಗುರಿಯ ಪುಸ್ತಕ ಪಕ್ಕಕ್ಕಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು. ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿ ಉದುರುವುದುಂಟು. ನೋಡಿ ಗಾಬರಿಯಾಗುತ್ತದೆ, ಆದರೆ ದೊಡ್ಡ ಕಾಯಿಲೆಯ ನಂತರ ಅದು ಸಾಮಾನ್ಯ. ಸಾಧಾರಣವಾಗಿ ಮತ್ತೆ ಬೆಳೆಯುತ್ತದೆ.

ಊಟದ ಬಗ್ಗೆ ಒಂದೇ ಮಾತು. ಪಥ್ಯದ ಹೆಸರಿನಲ್ಲಿ ತಿಂಗಳುಗಟ್ಟಲೆ ಗಂಜಿ, ತಿಳಿಸಾರು ಕೊಟ್ಟರೆ ಸ್ನಾಯು ಕಟ್ಟಲು ಸಾಮಾನೇ ಸಿಗುವುದಿಲ್ಲ. ಒಂದು ಮೊಟ್ಟೆಯಲ್ಲಿ ಪ್ರೊಟೀನ್ ಸುಮಾರು 6 ಗ್ರಾಂ, 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಆಸುಪಾಸು. ಚೇತರಿಸಿಕೊಳ್ಳುತ್ತಿರುವ 50 ಕಿಲೋ ತೂಕದವರಿಗೆ ದಿನಕ್ಕೆ 60 ಗ್ರಾಂನಷ್ಟು ಬೇಕಾಗಬಹುದು. ಮೂತ್ರಪಿಂಡಕ್ಕೆ ಪೆಟ್ಟಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ, ಡಾಕ್ಟರನ್ನು ಕೇಳಿಯೇ ಕೊಡಬೇಕು. ನುಂಗುವಾಗ ಕೆಮ್ಮು ಬರುತ್ತಿದ್ದರೂ ಹೇಳಬೇಕು. ಗಂಟಲಲ್ಲಿ ಕೊಳವೆ ಇದ್ದವರಿಗೆ ಆ ತೊಂದರೆ ಉಳಿಯುವುದುಂಟು.

ದೇಹದ ಸೋಲು ಕಣ್ಣಿಗೆ ಕಾಣುತ್ತದೆ. ಬುದ್ಧಿಗೆ ತಗುಲಿದ ಪೆಟ್ಟು ಕಾಣುವುದಿಲ್ಲ. ಇನ್ನೊಂದು ಉದಾಹರಣೆ: ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳು, ಸೋಂಕು ರಕ್ತಕ್ಕೆ ಏರಿ ಐಸಿಯುನಲ್ಲಿದ್ದು ಬಂದವರು. ಒಂದು ತಿಂಗಳಿಗೇ ಓಡಾಡತೊಡಗಿದ್ದರಿಂದ ಮನೆಯವರ ಪಾಲಿಗೆ ಅವರು ಪೂರ್ತಿ ಹುಷಾರು. ಆದರೆ ಒಲೆಯ ಮೇಲಿಟ್ಟ ಹಾಲು ನೆನಪಿರುವುದಿಲ್ಲ, ಮೂರು ಜನ ಒಟ್ಟಿಗೆ ಮಾತಾಡಿದರೆ ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ, ಕೂಡುವ ಲೆಕ್ಕ ಪ್ರತಿ ಸಲ ಬೇರೆ ಬೇರೆ ಬರುತ್ತದೆ. ‘ಗಮನ ಎಲ್ಲಿದೆ ನಿಂಗೆ?’ ಎಂಬ ಬೈಗುಳ ಬೀಳುತ್ತದೆ. ಅಮೆರಿಕದ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದವರು 821 ಐಸಿಯು ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು. ಮೂರು ತಿಂಗಳ ನಂತರ ಪರೀಕ್ಷಿಸಿದಾಗ 40 ಶೇಕಡ ಜನರ ಅಂಕಗಳು ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಅಂಕಗಳ ಮಟ್ಟದಲ್ಲಿದ್ದವು. ವರ್ಷದ ನಂತರವೂ 34 ಶೇಕಡ ಜನ ಅದೇ ಮಟ್ಟದಲ್ಲಿದ್ದರು. ವಯಸ್ಸಾದವರು ಮಾತ್ರವಲ್ಲ, ಕಿರಿಯರೂ ಇದ್ದರು. ಐಸಿಯುನಲ್ಲಿ ಸನ್ನಿ ಎಷ್ಟು ಹೆಚ್ಚು ದಿನ ಇತ್ತೋ ಆಮೇಲಿನ ಮಂಕೂ ಅಷ್ಟು ಹೆಚ್ಚು.

ಈಕೆಯ ಗುರಿ ಸಂಘದ ಪುಸ್ತಕ ಮತ್ತೆ ತಮ್ಮ ಕೈಗೆ ಬರಬೇಕು ಎಂಬುದು. ಹಂತಗಳು ಹೀಗಿರಬಹುದು: ಟೀವಿ ಆರಿಸಿ ಹತ್ತು ನಿಮಿಷ ಪೇಪರು ಓದಿ, ಓದಿದ್ದನ್ನು ಮಗಳಿಗೆ ಹೇಳುವುದು. ಮನೆಯ ಹಾಲಿನ ಲೆಕ್ಕ, ಕಿರಾಣಿ ಚೀಟಿಯ ಲೆಕ್ಕ ಬರೆಯುವುದು. ಸಂಘದ ಹಳೆಯ ಒಂದು ಪುಟವನ್ನು ಕೂಡಿ, ಮೊದಲೇ ಬರೆದಿಟ್ಟ ಮೊತ್ತದ ಜೊತೆ ತಾಳೆ ನೋಡುವುದು. ಆಮೇಲೆ ಇನ್ನೊಬ್ಬ ಸದಸ್ಯೆಯ ಜೊತೆ ಕೂತು ಒಂದು ವಾರದ ಲೆಕ್ಕ. ಬೆಳಗ್ಗೆ ತಲೆ ಚುರುಕಿದ್ದರೆ ಈ ಕೆಲಸ ಬೆಳಗ್ಗೆಯೇ ಆಗಲಿ. ಒಲೆಗೆ ಮೊಬೈಲಿನ ಅಲಾರಂ ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಹೆಂಗಸರ ವಿಷಯದಲ್ಲಿ ನನಗೆ ಸಂಕಟವಾಗುವ ಸಂಗತಿಯೊಂದಿದೆ. ಅಮ್ಮ ಅಡುಗೆಮನೆಗೆ ಬಂದಳು ಎಂದರೆ ಅಮ್ಮ ಹುಷಾರಾದಳು ಎಂದೇ ಮನೆಯ ಲೆಕ್ಕ. ಅಲ್ಲಿಗೆ ಎಲ್ಲರ ಗುರಿ ಮುಗಿಯುತ್ತದೆ. ಆಕೆಯ ಮನಸ್ಸಿನಲ್ಲಿರುವುದು ಬಸ್ಸು ಹತ್ತಿ ತವರಿಗೆ ಹೋಗಿ ಬರುವುದಾಗಿರಬಹುದು, ಶುಕ್ರವಾರ ದೇವಸ್ಥಾನಕ್ಕೆ ಹೂ ಕಟ್ಟಿಕೊಂಡು ಹೋಗುವುದಾಗಿರಬಹುದು. ಅಡುಗೆಯೇ ಆಕೆಯ ಆಸೆಯಾದರೆ ಅದೂ ಸರಿಯೇ. ಆದರೆ ಕೇಳಬೇಕಲ್ಲ! ಕೇಳಿದರೂ ‘ನಂದೇನಿದೆ, ನಿಮಗೆ ತೊಂದ್ರೆ ಆಗದಿದ್ರೆ ಸಾಕು’ ಎಂಬ ಉತ್ತರ ಬರುವುದೇ ಹೆಚ್ಚು. ಅಲ್ಲಿಗೆ ಬಿಡದೆ ಎರಡು ದಿನ ಬಿಟ್ಟು ಮತ್ತೆ ಕೇಳಬೇಕು.

ಇನ್ನು ಮನಸ್ಸು. ಐಸಿಯುನಲ್ಲಿ ಸನ್ನಿ ಹಿಡಿದವರಿಗೆ ನಿಜದಲ್ಲಿ ನಡೆಯದ ಘಟನೆಗಳು ನಡೆದ ಹಾಗೆಯೇ ನೆನಪಿರುತ್ತವೆ. ನರ್ಸು ವಿಷ ಕೊಡಲು ಬಂದದ್ದು, ತನ್ನನ್ನು ಕಟ್ಟಿಹಾಕಿ ಎಲ್ಲಿಗೋ ಸಾಗಿಸಿದ್ದು, ತೀರಿಹೋದ ತಂದೆ ಮಂಚದ ಪಕ್ಕ ಕೂತದ್ದು. ಮನೆಯಲ್ಲಿ ಹೇಳಿದರೆ ಹುಚ್ಚು ಎನ್ನುತ್ತಾರೆ, ಗಾಳಿ ಸೋಕಿದೆ ಎಂದು ಯಾರನ್ನೋ ಕರೆಸುತ್ತಾರೆ ಎಂಬ ಭಯಕ್ಕೆ ಬಾಯಿ ಬಿಡುವುದಿಲ್ಲ. ರಾತ್ರಿ ದೀಪ ಆರಿಸಲು ಬಿಡುವುದಿಲ್ಲ, ಅಷ್ಟೇ. ಇಂಥವರ ಮೊದಲ ಗುರಿ ‘ನನಗೆ ಏನಾಗಿತ್ತು ಎಂದು ತಿಳಿಯಬೇಕು’ ಎಂಬುದೇ ಆಗಬಹುದು. ಸ್ಕ್ಯಾಂಡಿನೇವಿಯಾದ ಆಸ್ಪತ್ರೆಗಳಲ್ಲಿ ನರ್ಸುಗಳು, ಮನೆಯವರು ಸೇರಿ ರೋಗಿಗಾಗಿ ದಿನಚರಿ ಬರೆದಿಡುವ ರೂಢಿ ಬಂದದ್ದು ಇದಕ್ಕಾಗಿ. ಯುರೋಪಿನ ಆರು ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಚರಿ ಸಿಕ್ಕವರಲ್ಲಿ ಆಘಾತದ ಮಾನಸಿಕ ಬಾಧೆ ಕಡಿಮೆ ಕಂಡಿತು. 2019ರ ಫ್ರಾನ್ಸಿನ ದೊಡ್ಡ ಪ್ರಯೋಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅದನ್ನು ಮದ್ದು ಎಂದು ಹೇಳಲಾರೆ. ಆದರೂ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮಗಳು ‘ಸೋಮವಾರ ಕೊಳವೆ ತೆಗೆದ್ರು, ನೀನು ನನ್ನ ಕೈ ಹಿಡಿದೆ’ ಎಂದು ದಿನದಿನದ ಕಥೆ ಹೇಳಿದರೆ, ಕಳೆದುಹೋದ ದಿನಗಳಿಗೆ ಒಂದು ಕ್ರಮ ಬರುತ್ತದೆ. ಆಮೇಲಿನ ಗುರಿಗಳು ಸಣ್ಣವು: ಸಣ್ಣ ದೀಪವೊಂದನ್ನೇ ಇಟ್ಟು ಮಲಗುವುದು, ಆಂಬುಲೆನ್ಸ್ ಸದ್ದು ಕೇಳಿದಾಗ ಒಳಗೆ ಓಡದೆ ನಿಲ್ಲುವುದು. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕು ಬೇಡ ಅನ್ನಿಸಿದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೀಟನಾಶಕ ಕುಡಿದು ಐಸಿಯು ಸೇರಿ ಉಳಿದವರ ಮನೆಯಲ್ಲಿ ಈ ನಂಬರು ಗೋಡೆಯ ಮೇಲೇ ಬರೆದಿರಬೇಕು.

ಎಲ್ಲರಿಗೂ ಒಂದೇ ಕಾರ್ಯಕ್ರಮ ಹಾಕಿ ಏರಿಕೆ ತೋರಿಸುವುದು ಸುಲಭವಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ 240 ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಐಸಿಯು ನಂತರ ಹೆಚ್ಚುವರಿ ವ್ಯಾಯಾಮ, ಆಹಾರ, ಮಾಹಿತಿ ಕೊಟ್ಟು ನೋಡಿದ 2015ರ ಪ್ರಯೋಗದಲ್ಲಿ ಓಡಾಟದ ಅಂಕಗಳಲ್ಲಿ ವ್ಯತ್ಯಾಸ ಬರಲಿಲ್ಲ, ಆರೈಕೆಯ ಬಗ್ಗೆ ರೋಗಿಗಳ ತೃಪ್ತಿ ಮಾತ್ರ ಹೆಚ್ಚಿತು. ಇದನ್ನು ಹಿಡಿದು ಆರೈಕೆಯೇ ದಂಡ ಎಂದು ವಾದಿಸುವವರಿದ್ದಾರು. ನಾನು ಒಪ್ಪುವುದಿಲ್ಲ. ಒಬ್ಬರಿಗೆ ತೋಟ ಬೇಕು, ಇನ್ನೊಬ್ಬರಿಗೆ ಲೆಕ್ಕದ ಪುಸ್ತಕ, ಮತ್ತೊಬ್ಬರಿಗೆ ದೀಪ ಆರಿಸಿದ ಕೋಣೆಯಲ್ಲಿ ನಿದ್ದೆ. ಎಲ್ಲರ ಓಡಾಟವನ್ನೂ ಒಂದೇ ಪಟ್ಟಿಯಲ್ಲಿ ಅಳೆದಾಗ ಇವ್ಯಾವುವೂ ಸಿಗುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2009ರ ಮಾರ್ಗಸೂಚಿ, ರೋಗಿಯೊಂದಿಗೆ ಮಾತಾಡಿ ಒಪ್ಪಿಕೊಂಡ ಹತ್ತಿರದ ಗುರಿ, ಸ್ವಲ್ಪ ದೂರದ ಗುರಿ ಎರಡನ್ನೂ ಆಸ್ಪತ್ರೆಯಲ್ಲಿರುವಾಗಲೇ ಬರೆದಿಡಬೇಕು, ಐಸಿಯು ಬಿಟ್ಟ ಎರಡು ಮೂರು ತಿಂಗಳಿಗೆ ಮತ್ತೆ ಕರೆದು ನೋಡಬೇಕು ಎನ್ನುತ್ತದೆ. ನಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ, ಅದೂ ಇಂಗ್ಲಿಷಿನಲ್ಲಿ. ಗುರಿಗೆಂದು ಒಂದು ಸಾಲೂ ಇರುವುದಿಲ್ಲ. ಬರೆಯಿಸಿಕೊಳ್ಳಬೇಕು. ಮನೆಗೆ ಹೊರಡುವ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಮನೆಯ ಮೆಟ್ಟಿಲು, ಪಾಯಿಖಾನೆ, ಬಾವಿಕಟ್ಟೆ ಎಲ್ಲಿದೆ ಎಂದು ಹೇಳಿ, ಅದಕ್ಕೆ ಹೊಂದುವ ವ್ಯಾಯಾಮ ಕೇಳಿಕೊಳ್ಳಬೇಕು.

ಕೂಲಿ ಮಾಡಿ ಬದುಕುವವರಿಗೆ ಇಷ್ಟು ಸಾವಧಾನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಆಸ್ಪತ್ರೆಯ ಬಿಲ್ಲಿಗೆ ಒಡವೆ ಅಡವಿಟ್ಟ ಮನೆಯಲ್ಲಿ ಎಲ್ಲರ ಗುರಿಯೂ ಒಂದೇ, ಬೇಗ ಕೆಲಸಕ್ಕೆ ಹೋಗುವುದು. ಅಂಥಲ್ಲಿ ಹಂತಗಳು ಇನ್ನಷ್ಟು ಬೇಕು. ಮೂಟೆ ಹೊರುತ್ತಿದ್ದವರು ಮೊದಲ ತಿಂಗಳುಗಳಲ್ಲಿ ಅದೇ ಮಂಡಿಯಲ್ಲಿ ಲೆಕ್ಕ ಹಿಡಿಯಲು, ಚೀಲ ಹೊಲಿಯಲು ಕೂರಬಹುದೇ, ಅರ್ಧ ದಿನಕ್ಕೆ ಅರ್ಧ ಕೂಲಿ ಸಿಗುತ್ತದೆಯೇ ಎಂದು ಮಾಲೀಕರ ಹತ್ತಿರ ಮಾತಾಡುವ ಕೆಲಸವನ್ನು ಮನೆಯವರಲ್ಲೊಬ್ಬರು ವಹಿಸಿಕೊಳ್ಳಬೇಕು. ಮೊದಲ ದಿನವೇ ಪೂರ್ತಿ ಹೊರೆ ಹೊತ್ತು ಮತ್ತೆ ಮಲಗಿದರೆ ಸಾಲ ಇನ್ನೂ ಬೆಳೆಯುತ್ತದೆ.

ನೋಡಿಕೊಳ್ಳುವವರೂ ಸೋತಿರುತ್ತಾರೆ. ಐಸಿಯು ಹೊರಗೆ ರಾತ್ರಿಗಳನ್ನು ಕಳೆದ ಹೆಂಡತಿಗೋ ಮಗನಿಗೋ ನಿದ್ದೆಗೇಡು, ಹೆದರಿಕೆ, ಖಿನ್ನತೆ ಬರುವುದನ್ನು ವೈದ್ಯರು ಇದೇ ಸಿಂಡ್ರೋಮಿನ ಕುಟುಂಬದ ಮುಖವೆಂದು ಗುರುತಿಸಿದ್ದಾರೆ. ಅದೇ ನೋಟ್ ಬುಕ್ಕಿನ ಇನ್ನೊಂದು ಪುಟದಲ್ಲಿ ಅವರ ಗುರಿಯೂ ಇರಲಿ: ವಾರಕ್ಕೊಂದು ರಾತ್ರಿ ಬೇರೆ ಯಾರಾದರೂ ಎಚ್ಚರವಿದ್ದು ತಾವು ಪೂರ್ತಿ ಮಲಗುವುದು, ನಿಂತುಹೋದ ತಮ್ಮದೇ ಬಿಪಿ ತಪಾಸಣೆ ಮಾಡಿಸಿಕೊಳ್ಳುವುದು. ಪುಸ್ತಕವನ್ನು ವಾರಕ್ಕೊಮ್ಮೆ, ಭಾನುವಾರವೋ ಸಂತೆಯ ದಿನವೋ, ಎಲ್ಲರೂ ಕೂತು ನೋಡಿದರೆ ಸಾಕು. ಎರಡು ವಾರ ಒಂದೇ ಹಂತದಲ್ಲಿ ನಿಂತಿದ್ದರೆ ಆ ಹಂತ ದೊಡ್ಡದಾಯಿತು ಎಂದು ತಿಳಿದು ಅದನ್ನು ಮತ್ತೆ ಎರಡು ಮಾಡಿ. ಮುಂದಿನ ತಪಾಸಣೆಗೆ ಹೋಗುವಾಗ ರಕ್ತಪರೀಕ್ಷೆಯ ವರದಿಯ ಜೊತೆಗೆ ಅದನ್ನೂ ಒಯ್ಯಿರಿ. ಡಾಕ್ಟರ ಮುಂದೆ ಪುಸ್ತಕ ತೆರೆದು ಏನಾಯಿತು, ಏನಾಗಲಿಲ್ಲ ಎಂದು ಹೇಳುವ ಕೆಲಸ ಮಾತ್ರ ಕಾಯಿಲೆ ಬಿದ್ದು ಎದ್ದವರದೇ ಆಗಲಿ.